ಡೋನಟ್ ಮಾರಿದವನ ಲೆಕ್ಕದ ಪುಸ್ತಕ, ಕಮಲಾಪುರದ ಕೆಂಪು ಬಾಳೆ

(1/7)
ಹೋದ ವಾರ ಕ್ಯಾಂಟೀನಿನಲ್ಲಿ ಕೂತಾಗ ಒಬ್ಬ ಗೆಳೆಯ ಕೇಳಿದ: "ಲೇ, ನಮ್ಮ ಕಲಬುರಗಿಗೆ ಡಂಕಿನ್ ಯಾವಾಗ ಬರ್ತದೋ?" ಎಲ್ಲರೂ ನಕ್ಕೆವು. ಡೋನಟ್ ಇಲ್ಲಿ ಆಗಲೇ ಅದ. ಬೇಕರಿ ಗಾಜಿನ ಹಿಂದ, ಪಫ್ಫು-ಕ್ರೀಮ್ ಬನ್ನಿನ ಪಕ್ಕ, ಚಾಕೊಲೇಟ್ ಹಚ್ಕೊಂಡು ಕೂತಿರ್ತದ. ಅವನಿಗೆ ಬೇಕಾಗಿದ್ದು ಆ ಹೆಸರು, ಆ ಡಬ್ಬಿ, ಆ ಫೋಟೋ.

ಅವತ್ತಿಂದ ತಲಿಯೊಳಗ ಒಂದ ಹುಳ. ಎಣ್ಣೆಯಲ್ಲಿ ಕರಿದ ಒಂದು ಹಿಟ್ಟಿನ ಉಂಗುರ ಇಷ್ಟು ದೊಡ್ಡ ಹೆಸರು ಹ್ಯಾಂಗ ಆಯ್ತು? ಹುಡುಕಿ ಓದಿದ್ದನ್ನ ಏಳು ಕಂತಿನಲ್ಲಿ ಬರೀತಿದೀನಿ. ಕೊನೆಗೆ ಕಮಲಾಪುರದಲ್ಲಿ ನಮ್ಮ ಅಜ್ಜನ ಹೊಲಕ್ಕ ಬರ್ತೀನಿ, ಅಲ್ಲೀತನಕ ಓದ್ರಿ.

(2/7)
ಆ ಮನುಷ್ಯನ ಹೆಸರು ವಿಲಿಯಂ ರೋಸನ್‌ಬರ್ಗ್. ಹುಟ್ಟಿದ್ದು 1916ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ. ಟೆಲಿಗ್ರಾಂ ಹಂಚಿದ, ಐಸ್‌ಕ್ರೀಮ್ ಮಾರಿದ, ಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿದ. 1946ರಲ್ಲಿ ಸ್ವಂತ ಧಂದೆ ಶುರು ಮಾಡಿದ: ಗಾಡಿಯಲ್ಲಿ ತಿಂಡಿ ತುಂಬ್ಕೊಂಡು ಕಾರ್ಖಾನೆ ಬಾಗಿಲಿಗೆ ಹೋಗೋದು, ಕೆಲಸಗಾರರಿಗೆ ಮಾರೋದು.

ಗಾಡಿಯಲ್ಲಿ ಸ್ಯಾಂಡ್‌ವಿಚ್ ಸೇರಿ ಹತ್ತಾರು ಪದಾರ್ಥ ಇದ್ದವು. ಆದರೆ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ ಅವನಿಗೆ ಕಂಡದ್ದು ಬೇರೆ. ವ್ಯಾಪಾರದ ಸುಮಾರು 40% ಬರ್ತಿದ್ದದ್ದು ಎರಡೇ ಪದಾರ್ಥದಿಂದ: ಕಾಫಿ ಮತ್ತು ಡೋನಟ್. ಹಂಗಿದ್ರ ಉಳಿದದ್ದು ಯಾಕ ಬೇಕು?

1948ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿ ಊರಲ್ಲಿ 'ಓಪನ್ ಕೆಟಲ್' ಅಂತ ಅಂಗಡಿ ತೆಗೆದ. ಡೋನಟ್ 5 ಸೆಂಟ್, ಕಾಫಿ 10 ಸೆಂಟ್. ಬೆಲೆ ಗಮನಿಸ್ರಿ. ಕಾಫಿ ಡೋನಟ್‌ಗಿಂತ ದುಪ್ಪಟ್ಟು. ಮೊದಲ ದಿನದಿಂದಲೇ ಅದು ಅರ್ಧ ಕಾಫಿ ಅಂಗಡಿ.

(3/7)
1950ರಲ್ಲಿ ಹೆಸರು ಬದಲಾಯ್ತು: ಡಂಕಿನ್ ಡೋನಟ್ಸ್. 'ಡಂಕ್' ಅಂದ್ರ ಅದ್ದೋದು. ನಾವು ಚಹಾದಾಗ ಖಾರಿ ಅದ್ದಿ ತಿಂತೀವಲ್ಲ, ಅದ. ಅಂದರೆ ಬೋರ್ಡ್ ಓದಿದವನಿಗೆ ಪದಾರ್ಥ ಯಾವುದು, ಅದನ್ನ ತಿನ್ನೋದು ಹ್ಯಾಂಗ, ಜೊತೆಗೆ ಏನು ತಗೋಬೇಕು, ಮೂರೂ ತಿಳಿದುಬಿಡ್ತದ. ಒಂದು ಹೆಸರು ಇಷ್ಟು ಕೆಲಸ ಮಾಡಿದ್ದು ಕಡಿಮೆ. ಬೇರೆ ಅಂಗಡಿಯಲ್ಲಿ ನಾಲ್ಕೈದು ಬಗೆ ಡೋನಟ್ ಇದ್ದಾಗ ಇವನು 52 ಬಗೆ ಇಟ್ಟ.

ದೊಡ್ಡ ಹೆಜ್ಜೆ 1955ರಲ್ಲಿ: ಫ್ರಾಂಚೈಸಿ. ಅಂಗಡಿಗೆ ದುಡ್ಡು ಹಾಕೋರು, ನಡೆಸೋರು ಬೇರೆಯವರು. ಹೆಸರು, ಪದ್ಧತಿ ರೋಸನ್‌ಬರ್ಗ್‌ದು. 1963ಕ್ಕೆ ನೂರನೇ ಅಂಗಡಿ. 1966ರಲ್ಲಿ ಅಂಗಡಿಯವರಿಗೆ ತರಬೇತಿ ಕೊಡಲು ಒಂದು ಶಾಲೆಯನ್ನೇ ತೆಗೆದರು. ಕಾಫಿ ಮಾಡಿ 18 ನಿಮಿಷ ಆದರೆ ಚೆಲ್ಲಬೇಕು, ಇದು ಆ ಕಂಪನಿಯ ಹೆಸರಾದ ನಿಯಮ. ಇವತ್ತು ಒಂದೂರಲ್ಲಿ ಕುಡಿದ ರುಚಿ ನಾಳೆ ಇನ್ನೊಂದೂರಲ್ಲೂ ಸಿಗಬೇಕಲ್ಲ, ಅದಕ್ಕ.

(ಇದರ ನಡುವೆ ಪಾಲುದಾರನಾಗಿದ್ದ ಅವನ ಸಂಬಂಧಿ ಹ್ಯಾರಿ ವಿನೊಕರ್ ಬೇರೆಯಾಗಿ 'ಮಿಸ್ಟರ್ ಡೋನಟ್' ಶುರು ಮಾಡಿದ. ಮುಂದೆ ಜಪಾನಿನಲ್ಲಿ ಗೆದ್ದದ್ದು ಇವನ ಬ್ರ್ಯಾಂಡು. ಡಂಕಿನ್ ಅಲ್ಲಿಂದ ಗಂಟುಮೂಟೆ ಕಟ್ಟಿತು.)

(4/7)
ಈಗ ಜಾಹೀರಾತು. 1980ರ ದಶಕದ ಅಮೆರಿಕದ ಟಿವಿಯಲ್ಲಿ ಫ್ರೆಡ್ ಅಂತ ಒಬ್ಬ ಬೇಕರಿಯವನು ಬರ್ತಿದ್ದ. ಮೀಸೆ, ನಿದ್ದೆಗಣ್ಣು. ಇನ್ನೂ ಕತ್ತಲಿರುವಾಗಲೇ ಎದ್ದು, "ಡೋನಟ್ ಮಾಡೋ ಹೊತ್ತಾಯ್ತು" ಅಂತ ಗೊಣಗ್ತಾ ಕೆಲಸಕ್ಕ ಹೋಗೋದು. ಕಥೆ ಇಷ್ಟೇ. ಮೈಕಲ್ ವೇಲ್ ಎಂಬ ನಟ 1997ರವರೆಗೂ ಈ ಪಾತ್ರ ಮಾಡಿದ. ಆ ಜಾಹೀರಾತು ರುಚಿಯನ್ನ ಹೊಗಳೋ ಗೋಜಿಗೇ ಹೋಗೋದಿಲ್ಲ. ನಿಮಗಾಗಿ ಒಬ್ಬ ನಸುಕಿನಲ್ಲೇ ಎದ್ದಿದ್ದಾನೆ ಅನ್ನೋದನ್ನ ಮನಸ್ಸಿಗೆ ಮುಟ್ಟಿಸ್ತದ.

2006ರಲ್ಲಿ ಹೊಸ ಘೋಷಣೆ ಬಂತು: ಅಮೆರಿಕ ಓಡೋದೇ ಡಂಕಿನ್ ಮೇಲೆ ಅನ್ನೋ ಅರ್ಥದ್ದು. 2019ರ ಜನವರಿಯಲ್ಲಿ ಬೋರ್ಡಿನಿಂದ 'ಡೋನಟ್ಸ್' ಪದವನ್ನೇ ಅಳಿಸಿ ಬರೀ 'ಡಂಕಿನ್' ಉಳಿಸಿಕೊಂಡರು. ಡೋನಟ್ ಅಂಗಡಿಯ ಹೆಸರಲ್ಲೇ ಡೋನಟ್ ಇಲ್ಲ! ಯಾಕಂದ್ರ 1946ರಿಂದ ಅವರು ನಿಜವಾಗಿ ಮಾರಿದ್ದು ಒಂದು ಹೊತ್ತು. ಕೆಲಸಕ್ಕ ಹೋಗೋ ಮುಂಜಾನೆಯ ಐದು ನಿಮಿಷ. ಅದು ಅವರ ಕೈಯಲ್ಲಿ ಉಳಿದರೆ ಸಾಕು.

(5/7)
ಹಂಗಾದ್ರ ನಮ್ಮ ದೇಶದಲ್ಲಿ ಏನಾಯ್ತು? 2012ರಲ್ಲಿ ಡಂಕಿನ್ ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ ಮೊದಲ ಅಂಗಡಿ ತೆಗೀತು. ತಂದವರು ಡೊಮಿನೋಸ್ ಪಿಜ್ಜಾ ನಡೆಸುವ ಜ್ಯುಬಿಲೆಂಟ್ ಫುಡ್‌ವರ್ಕ್ಸ್. ಮರುವರ್ಷ ಕ್ರಿಸ್ಪಿ ಕ್ರೀಮ್ ಬೆಂಗಳೂರಿಗೆ ಬಂತು. ಡಂಕಿನ್ ಅಂಗಡಿಗಳು ನಾಲ್ಕೇ ವರ್ಷದಲ್ಲಿ 70 ದಾಟಿದವು. ಡೋನಟ್ ಜೊತೆಗೆ ಬರ್ಗರೂ ಮಾರಿದರು. ಆದರೂ ನಷ್ಟ ತಡೀಲಿಕ್ಕಾಗದೆ 2018ರ ಹೊತ್ತಿಗೆ ಸುಮಾರು ಅರ್ಧದಷ್ಟು ಅಂಗಡಿ ಮುಚ್ಚಿದರು.

ನನಗನಿಸಿದ್ದು ಹೇಳ್ತೀನಿ. ಮುಂಜಾನೆ ಎಂಟಕ್ಕೆ ಕಲಬುರಗಿಯ ಬಸ್‌ಸ್ಟ್ಯಾಂಡ್ ಹತ್ತಿರ ನಿಂತು ನೋಡ್ರಿ. ಸುಸಲಾ, ಅದರ ಮ್ಯಾಲ ಮಿರ್ಚಿ ಭಜಿ, ಇಡ್ಲಿ-ವಡಾ, ಕಟ್ಟಿಂಗ್ ಚಹಾ. ಆ ಹೊತ್ತು ಇಲ್ಲಿ ಖಾಲಿ ಇಲ್ಲ. ಕರಿಯೋದೂ ನಮಗೇನು ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೇ ವಡೆ ಮಾಡುವ ಬಗೆ ಅದ. ಸಿಹಿ ಡೋನಟ್ ಇಲ್ಲಿ ಹುಟ್ಟುಹಬ್ಬದ ತಿನಿಸಾಯ್ತು, ದಿನದ ಚಟ ಆಗಲಿಲ್ಲ. ಡಬ್ಬಿ ಹಡಗಿನಲ್ಲಿ ಬರಬಹುದು, ಮುಂಜಾನೆ ಬರೋದಿಲ್ಲ.

(6/7)
ಈಗ ನಮ್ಮೂರಿನ ದುಂಡನೆಯ ಪದಾರ್ಥಕ್ಕ ಬರೋಣು. ಜೋಳದ ರೊಟ್ಟಿ. ಇದನ್ನ ಬಡಿಯೋ ಹೆಣ್ಣುಮಕ್ಕಳು ತಲೆತಲಾಂತರದಿಂದ ಇದ್ದಾರ, ಹೆಸರು ಮಾತ್ರ ಇರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಸ್ವಸಹಾಯ ಗುಂಪುಗಳು ಕೂಡಿ 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿದರು. ಸಹಕಾರ ಸಂಘ, ಪ್ಯಾಕಿಂಗ್, ಆನ್‌ಲೈನ್ ಆರ್ಡರ್, ಬೆಂಗಳೂರಿನಲ್ಲಿ ಕೌಂಟರ್. 2025ರ ಜೂನ್‌ನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಇದನ್ನ ಹೆಸರಿಸಿ, ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಆಗ್ತಾವ ಅಂತ ಹೇಳಿದರು.

ರೋಸನ್‌ಬರ್ಗ್ ಮಾಡಿದ್ದೂ ಇದನ್ನೇ: ಜನ ಆಗಲೇ ತಿಂತಿದ್ದ ಪದಾರ್ಥಕ್ಕ ಒಂದು ಹೆಸರು, ಒಂದು ಅಳತೆ, ಒಂದು ಭರವಸೆ. ಫ್ರೆಡ್‌ಗಿಂತ ಮೊದಲೇ ನಸುಕಿನಲ್ಲಿ ಎದ್ದು ಒಲಿ ಹಚ್ಚಿದವರು ನಮ್ಮ ಮನ್ಯಾಗೇ ಇದ್ದರು. ಅವರ ಮೇಲೆ ಯಾರೂ ಜಾಹೀರಾತು ತೆಗೆದಿರಲಿಲ್ಲ, ಅಷ್ಟ.

(7/7)
ಕೊನೆಗೆ ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಒಂದು ತಾಸಿನೊಳಗ ಸಿಗ್ತದ. ಇಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕ, ಅಂದ್ರ ಜಿಐ ಟ್ಯಾಗ್ ಅದ. 'ಕಮಲಾಪುರ ಕೆಂಪು ಬಾಳೆ' ಅನ್ನೋ ಹೆಸರನ್ನ ಬೇರೆ ಊರಿನ ಹಣ್ಣಿಗೆ ಹಚ್ಚೋ ಹಂಗಿಲ್ಲ. ಹೊರಗ ಕೆಂಪು ಸಿಪ್ಪೆ, ಒಳಗ ಕೆನೆಬಣ್ಣ, ಒಂದು ತಿಂದ್ರ ಹೊಟ್ಟಿ ತುಂಬ್ತದ.

ನಮ್ಮ ಅಜ್ಜ ಇದನ್ನ ಬೆಳೀತಿದ್ದ. ಹಳದಿ ಬಾಳೆಗಿಂತ ಹೆಚ್ಚು ತಿಂಗಳು ಕಾಯಬೇಕು, ನೀರು ಗೊಬ್ಬರ ಹೆಚ್ಚು, ಗೊನೆ ಬಂದಾಗ ಬಿರುಗಾಳಿ ಬೀಸಿದರೆ ಎಲ್ಲಾ ನೆಲಕ್ಕ. ಈಗ ಅದೇ ಹೊಲದಾಗ ತೊಗರಿ ಅದ. ಹೋದ ಭಾನುವಾರ ಅವನಿಗೆ ಡಂಕಿನ್ ಕಥೆ ಪೂರಾ ಹೇಳಿದೆ. ಕೇಳಿ ಒಂದೇ ಮಾತಂದ: "ಅಂವ ಮೊದಲ ಲೆಕ್ಕ ನೋಡಿದ, ಆಮ್ಯಾಲ ಹೆಸರಿಟ್ಟ. ನಮಗ ಹೆಸರು ಕೊಟ್ಟರು, ಲೆಕ್ಕ ಯಾರೂ ನೋಡಲಿಲ್ಲ."

ನಾನು ಸುಮ್ಮನಾದೆ. ಹೆಸರಿಗೆ ಕಾಯ್ದೆಯ ಕಾವಲು ಅದ, ತೋಟಕ್ಕ ಇಲ್ಲ. ಆ ಹಣ್ಣು ದಿನದ ಯಾವ ಹೊತ್ತಿಗೆ, ಯಾರ ಕೈಗೆ, ಯಾವ ಅಂಗಡಿಯಿಂದ ಹೋಗಬೇಕು ಅಂತ ಯಾರಾದರೂ ಕೂತು ಯೋಚಿಸಿದರೆ ಅಜ್ಜನಂಥವರು ಮತ್ತ ಸಸಿ ನೆಟ್ಟಾರು.

ಕಾಮರ್ಸ್ ಓದೋ ಗೆಳೆಯರೇ, ಡಂಕಿನ್ ಯಾವಾಗ ಬರ್ತದ ಅನ್ನೋ ಪ್ರಶ್ನೆ ಬ್ಯಾರೆಯವರಿಗೆ ಬಿಡ್ರಿ. ಕೆಂಪು ಬಾಳೆ ಮಾರ್ಲಿಕ್ಕ ನೀವಾಗಿದ್ರ ಏನು ಮಾಡ್ತಿದ್ರಿ? ಕಮೆಂಟ್‌ನಾಗ ಬರೀರಿ. ಅಜ್ಜಗ ಓದಿ ಹೇಳ್ತೀನಿ.

#ಕಲಬುರಗಿ #ಕಮಲಾಪುರ #ಕೆಂಪುಬಾಳೆ #ಕಲಬುರಗಿರೊಟ್ಟಿ #ಡೋನಟ್‌ಕಥೆ