ಹಡ್ಸನ್ ಸುರಂಗದ ಕಬ್ಬಿಣದ ಕೊಠಡಿ

ನ್ಯೂಯಾರ್ಕಿನ ಹಡ್ಸನ್ ನದಿಯ ಅಡಿಯಲ್ಲಿ ಸುರಂಗ ಕೊರೆಯುವಾಗ ನೀರು, ಕೆಸರು ನುಗ್ಗದಂತೆ ಒಳಗೆ ಒತ್ತಡದ ಗಾಳಿ ತುಂಬುತ್ತಿದ್ದರು. ಆ ಗಾಳಿಯ ಸಾರಜನಕ ಕಾರ್ಮಿಕರ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗುತ್ತಿತ್ತು. ಪಾಳಿ ಮುಗಿಸಿ ಅವಸರದಲ್ಲಿ ಹೊರಬಂದರೆ, ಸೋಡಾ ಬಾಟಲಿ ತೆರೆದಂತೆ, ಅದು ಗುಳ್ಳೆಗಳಾಗಿ ಏಳುತ್ತಿತ್ತು. ಕೀಲುಗಳಲ್ಲಿ ಸಹಿಸಲಾಗದ ನೋವು, ಪಾರ್ಶ್ವವಾಯು, ಎಷ್ಟೋ ಸಲ ಸಾವು.

ಕಾರಣವನ್ನು ಫ್ರಾನ್ಸಿನ ಪಾಲ್ ಬೇರ್ 1878ರಲ್ಲೇ ತೋರಿಸಿದ್ದರು. ಆ ತಿಳಿವು ಸುರಂಗದ ಬಾಯಿಗೆ ತಲುಪುವಷ್ಟರಲ್ಲಿ ಎಷ್ಟೋ ಜೀವಗಳು ಹೋಗಿದ್ದವು.

1889ರಲ್ಲಿ ಬಂದ ಬ್ರಿಟಿಷ್ ಎಂಜಿನಿಯರ್ ಅರ್ನೆಸ್ಟ್ ಮೊಯರ್ ಕಬ್ಬಿಣದ ಕೊಠಡಿಯೊಂದನ್ನು ಹಾಕಿಸಿದರು. ನರಳುವವರನ್ನು ಅದರಲ್ಲಿ ಮಲಗಿಸಿ ಮತ್ತೆ ಒತ್ತಡ ಏರಿಸಿ, ಗುಳ್ಳೆಗಳು ಕುಗ್ಗಿದ ಮೇಲೆ ಬಹಳ ನಿಧಾನವಾಗಿ ಇಳಿಸುತ್ತಿದ್ದರು. ಅದಕ್ಕೂ ಮುಂಚೆ ವರ್ಷಕ್ಕೆ ನಾಲ್ವರಲ್ಲಿ ಒಬ್ಬರಂತೆ ಸಾಯುತ್ತಿದ್ದರೆಂದು ಮೊಯರ್ ವರದಿ ಮಾಡಿದ್ದಾರೆ. ಆಮೇಲಿನ 15 ತಿಂಗಳಲ್ಲಿ 120 ಕಾರ್ಮಿಕರ ಪೈಕಿ ಸತ್ತವರು ಇಬ್ಬರು.