ಕಲಬುರಗಿ ಸೀಮೆಯಲ್ಲಿ ಗಣಿತ, ವಿಜ್ಞಾನ ಮತ್ತು ಯಂತ್ರವಿದ್ಯೆ: ಒಂದು ಚಾರಿತ್ರಿಕ ವಿವೇಚನೆ

ಅನ್ನವಿಕ್ಕಿ ಅರಿವನ್ನೂ ಕೊಡುವುದು ಲಿಂಗಾಯತ ಮಠಗಳು ಹಿಂದಿನಿಂದ ನಡೆಸಿಕೊಂಡು ಬಂದ ಪದ್ಧತಿಯಾಗಿರುತ್ತದೆ. ಮಠದ ಪಂಕ್ತಿಯಲ್ಲಿ ಉಂಡು, ಮಠದ ಜಗಲಿಯಲ್ಲಿ ಓದಿ, ಮುಂದೆ ನಾಡಿಗೆ ಉಪಕಾರಿಗಳಾದವರ ಸಂಖ್ಯೆಯು ಅಲ್ಪವಲ್ಲ. ಶ್ರೀಮಠದ ಈ ಮಹೋತ್ಸವದ ಕಾಲದಲ್ಲಿ ಸದ್ಭಕ್ತರೂ ಶಿಷ್ಯವರ್ಗದವರೂ ಹಿಂದಿನ ಸತ್ಕಾರ್ಯಗಳನ್ನು ನೆನೆಯುವುದು ಸಹಜವೇ ಸರಿ. ಆದರೆ ಸ್ಮರಣೆಯು ಮುಂದಿನ ಕರ್ತವ್ಯಕ್ಕೆ ದಾರಿಯಾಗದಿದ್ದರೆ ಅದು ಬರಿಯ ಸ್ತೋತ್ರವಾಗಿ ಉಳಿಯುವುದು. ಆದಕಾರಣ ಗಣಿತ, ವಿಜ್ಞಾನ, ಯಂತ್ರವಿದ್ಯೆಗಳು ನಮ್ಮ ಕಲಬುರಗಿ ಸೀಮೆಯಲ್ಲಿ ಯಾವ ಬಗೆಯಿಂದ ಬಂದು ನೆಲೆಸಿದುವು, ಅವುಗಳ ಫಲವು ಕಮಲಾಪುರದಂತಹ ಊರುಗಳ ಮಕ್ಕಳಿಗೆ ಎಷ್ಟರ ಮಟ್ಟಿಗೆ ಮುಟ್ಟಿದೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗುವುದು.

ಈ ವಿದ್ಯೆಗಳೆಲ್ಲವೂ ಪಶ್ಚಿಮದಿಂದ ಬಂದುವೆಂದೂ ನಮ್ಮ ನೆಲಕ್ಕೆ ಪರಕೀಯವೆಂದೂ ಭಾವಿಸುವವರುಂಟು. ಅಂಥವರು ಸೇಡಂ ತಾಲ್ಲೂಕಿನ ಮಳಖೇಡವನ್ನು ಒಮ್ಮೆ ನೆನೆಯಬೇಕು. ಕಾಗಿಣಾ ನದಿಯ ದಂಡೆಯ ಮೇಲಿರುವ ಈ ಗ್ರಾಮವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು. ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಸುಮಾರು ಕ್ರಿ.ಶ. ೮೫೦ರ ಹೊತ್ತಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಭಿನ್ನರಾಶಿಗಳು, ತ್ರೈರಾಶಿಕ, ಹೊಲಗಳ ಕ್ಷೇತ್ರಫಲ, ಅಗೆದ ಗುಂಡಿಯ ಘನಫಲ, ನೆರಳಿನಿಂದ ಎತ್ತರವನ್ನು ಅಳೆಯುವ ಕ್ರಮ ಮೊದಲಾದುವೆಲ್ಲ ಅದರಲ್ಲಿ ಅಡಕವಾಗಿವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನೂ ಆತನು ಕಾರಣಸಹಿತವಾಗಿ ಹೇಳಿದ್ದಾನೆ. ಈ ಗ್ರಂಥವನ್ನು ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡ ಅನುವಾದದೊಡನೆ ಅದು ೨೦೦೦ದಲ್ಲಿ ಹೊಂಬುಜದ ಜೈನ ಮಠದಿಂದ ಹೊರಬಂದಿತು. ಗಣಿತದ ಪುಸ್ತಕವನ್ನು ಅಚ್ಚು ಹಾಕಿಸುವುದೂ ಒಂದು ಮಠಕ್ಕೆ ತಕ್ಕ ಕಾರ್ಯವೆಂಬುದನ್ನು ನಮ್ಮವರು ಇದರಿಂದ ಗ್ರಹಿಸಬಹುದು. ಆದರೆ ಪೂರ್ವಜರ ಕೀರ್ತಿಯಿಂದ ಇಂದಿನ ಬಾಲಕನ ಲೆಕ್ಕವು ಸರಿಯಾಗುವುದಿಲ್ಲ. ಮಾನ್ಯಖೇಟದ ಗಣಿತವು ಪಂಡಿತರ ಓಲೆಗರಿಗಳಲ್ಲಿ ಉಳಿಯಿತೇ ಹೊರತು ಊರೂರಿನ ಮಕ್ಕಳ ಕೈಗೆ ಬರಲಿಲ್ಲ.

ಕೈಗೂ ಬುದ್ಧಿಗೂ ನಡುವೆ ಇದ್ದ ಈ ಗೋಡೆಯನ್ನು ಕೆಡಹಲು ಹೊರಟವರು ಹನ್ನೆರಡನೆಯ ಶತಮಾನದ ಶರಣರು. ಕಮಲಾಪುರದ ಮೇಲಿಂದ ಹುಮನಾಬಾದಿಗೆ ಹೋಗುವ ದಾರಿಯನ್ನು ಹಿಡಿದು ಮುಂದೆ ಸಾಗಿದರೆ ಕಲ್ಯಾಣವು ಸಿಕ್ಕುವುದು. ಅಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನವರೂ ಅನುಭವಗೋಷ್ಠಿಯಲ್ಲಿ ಸಮಾನರಾಗಿ ಕುಳಿತರು. ಶರಣರು ಇಂದಿನ ಭೌತಶಾಸ್ತ್ರವನ್ನು ಅರಿತಿದ್ದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಅಂಥ ಮಾತು ಅವರಿಗೆ ಗೌರವವನ್ನೂ ತರುವುದಿಲ್ಲ. ದುಡಿಯುವ ಕೈಯು ಕೀಳಲ್ಲವೆಂದು ಅವರು ಸಾರಿದುದೇ ಸಾಕು. ಉಪಕರಣವನ್ನು ಮುಟ್ಟಲು ನಾಚುವ ಸಮಾಜದಲ್ಲಿ ಯಂತ್ರವಿದ್ಯೆಯು ಬೇರೂರಲಾರದು.

ಇನ್ನು ಸಮೀಪದ ಕಾಲಕ್ಕೆ ಬರೋಣ. ನಿಜಾಮರ ಆಳಿಕೆಯಲ್ಲಿ ನಮ್ಮ ಸೀಮೆಗೆ ಮೊದಲು ಬಂದುದು ಯಂತ್ರ, ಯಂತ್ರದ ವಿದ್ಯೆಯಲ್ಲ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಕಲಬುರಗಿಯನ್ನು ಹಾದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ಉಗಿಬಂಡಿ ಓಡಿತು. ಆ ಶತಮಾನ ಮುಗಿಯುವುದರೊಳಗೆ ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಬಟ್ಟೆಯ ಗಿರಣಿಯು ಎದ್ದಿತು. ಈಗ ಮುಚ್ಚಿಹೋಗಿರುವ ಆ ಗಿರಣಿಯ ಹೆಸರನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಅಲ್ಲಿ ನಮ್ಮವರು ದುಡಿದರು. ಆದರೆ ಆ ಯಂತ್ರವು ಹೇಗೆ ನಡೆಯುತ್ತದೆಂದು ಕಲಿಸುವ ಎಂಜಿನಿಯರಿಂಗ್ ಮಹಾವಿದ್ಯಾಲಯವು ಈ ಊರಿನಲ್ಲಿ ಆಗಬೇಕಾದರೆ, ರೈಲು ಬಂದ ಮೇಲೆ ಎಂಬತ್ತೇಳು ವರುಷಗಳು ಕಳೆಯಬೇಕಾಯಿತು.

ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ೧೯೧೮ರಲ್ಲಿ ಸ್ಥಾಪಿತವಾಯಿತು. ಅದರ ಎಂಜಿನಿಯರಿಂಗ್ ಮಹಾವಿದ್ಯಾಲಯವು ೧೯೨೯ರಲ್ಲಿ ಆರಂಭವಾಯಿತು. ಅಲ್ಲಿ ಶಿಕ್ಷಣದ ಮಾಧ್ಯಮವು ಉರ್ದುವಾಗಿದ್ದು, ಭಾಷಾಂತರ ಶಾಖೆಯೊಂದನ್ನು ಏರ್ಪಡಿಸಿ ರಸಾಯನ, ಭೌತ, ಗಣಿತಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತಂದರು. ಪಾರಿಭಾಷಿಕ ಶಬ್ದಗಳನ್ನು ವಿದ್ವಾಂಸರು ಕೂಡಿ ಟಂಕಿಸಿದರು. ಭಾರತೀಯ ಭಾಷೆಯೊಂದರಲ್ಲಿ ಉಚ್ಚ ವಿಜ್ಞಾನವನ್ನು ಕಲಿಸಬಹುದೆಂಬುದು ಇದರಿಂದ ಸಿದ್ಧವಾಯಿತು. ಈ ಪ್ರಯತ್ನವನ್ನು ಮೆಚ್ಚಬೇಕಾದುದು ನ್ಯಾಯ. ಆದರೆ ಕಮಲಾಪುರದ ಒಕ್ಕಲಿನ ಮನೆಯ ಕನ್ನಡದ ಕೂಸಿಗೆ ಆ ಉರ್ದುವೂ ಇಂಗ್ಲಿಷಿನಂತೆಯೇ ಇನ್ನೊಂದು ಬೀಗವಾಗಿದ್ದಿತು. ಒಂದು ಭಾಷೆಗೆ ತೆರೆದ ಬಾಗಿಲು ಮತ್ತೊಂದಕ್ಕೆ ಮುಚ್ಚಿಕೊಂಡಿತು.

ಆ ಕಾಲದಲ್ಲಿ ಕನ್ನಡದ ಅಕ್ಷರವನ್ನು ಕಾಯ್ದವರಲ್ಲಿ ಮಠಗಳ ಪಾತ್ರವು ಹಿರಿದು. ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯು ಸರ್ವರಿಗೂ ವಿದಿತವಾಗಿದೆ. ಕಲಬುರಗಿಯ ಶ್ರೀ ಶರಣಬಸವೇಶ್ವರರ (೧೭೪೬–೧೮೨೨) ದಾಸೋಹಪೀಠದ ಪೂಜ್ಯ ದೊಡ್ಡಪ್ಪ ಅಪ್ಪನವರು ೧೯೩೪ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾದೇವಿಯಕ್ಕನ ಹೆಸರಿನ ಶಾಲೆಯನ್ನು ತೆರೆದರು. ಹೆಣ್ಣುಮಕ್ಕಳನ್ನು ಓದಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ನೆಟ್ಟ ಆ ಸಸಿಯ ಫಲವನ್ನು ನಾವಿಂದು ಕಾಣುತ್ತಿದ್ದೇವೆ. ಅದೇ ಪರಂಪರೆಯ ಗೋದೂತಾಯಿಯವರ ಹೆಸರಿನಲ್ಲಿ ಮಹಿಳೆಯರ ಎಂಜಿನಿಯರಿಂಗ್ ಮಹಾವಿದ್ಯಾಲಯವೇ ಕಲಬುರಗಿಯಲ್ಲಿ ಉಂಟಾಯಿತು.

೧೯೪೮ರ ಸಪ್ಟೆಂಬರದಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ರ ನವಂಬರ ೧ರಂದು ಕಲಬುರಗಿ, ಬೀದರ, ರಾಯಚೂರುಗಳು ಕನ್ನಡನಾಡನ್ನು ಸೇರಿದುವು. ಸೇರಿದಾಗ ನಮ್ಮ ಸ್ಥಿತಿಯು ಹೇಗಿದ್ದಿತು? ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ೧೯೧೭ರಲ್ಲಿಯೇ ಆಗಿದ್ದಿತು. ಹುಬ್ಬಳ್ಳಿಯಲ್ಲಿ ಭೂಮರಡ್ಡಿಯವರ ಹೆಸರಿನ ಕಾಲೇಜು ೧೯೪೭ರಲ್ಲಿ ಆಗಿದ್ದಿತು. ನಮ್ಮಲ್ಲಿ ಒಂದೂ ಇರಲಿಲ್ಲ. ಈ ಕೊರತೆಯನ್ನು ಕಂಡು ಶ್ರೀ ಮಹಾದೇವಪ್ಪ ರಾಂಪೂರೆಯವರು ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದರ ಮೊದಲ ಫಲವೇ ೧೯೫೮ರಲ್ಲಿ ಆರಂಭವಾದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಮಹಾವಿದ್ಯಾಲಯ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮೂರು ಶಾಖೆಗಳಿಂದ ಅದು ಹೊರಟಿತು. ದಾಸೋಹಪೀಠದ ಸ್ವಾಮಿಗಳ ಹೆಸರು ಯಂತ್ರವಿದ್ಯೆಯ ಮನೆಯ ಬಾಗಿಲಿಗೆ ಬಂದುದು ಆಕಸ್ಮಿಕವಲ್ಲ. ಅನ್ನದಾಸೋಹವು ವಿದ್ಯಾದಾಸೋಹವಾಗಿ ಬೆಳೆದುದರ ಗುರುತು ಅದು. ಐದು ವರುಷಗಳಲ್ಲಿ ನಾಡಿನ ಬೇರೆ ಭಾಗಗಳಲ್ಲಿಯೂ ಇದೇ ಗಾಳಿ ಬೀಸಿತು. ೧೯೬೩ರ ಒಂದೇ ವರುಷದಲ್ಲಿ ತುಮಕೂರಿನ ಸಿದ್ಧಗಂಗಾ ಮಠದವರೂ ಮೈಸೂರಿನ ಸುತ್ತೂರು ಮಠದವರೂ ಬಾಗಿಲಕೋಟೆಯ ವೀರಶೈವ ವಿದ್ಯಾವರ್ಧಕ ಸಂಘದವರೂ ಎಂಜಿನಿಯರಿಂಗ್ ಕಾಲೇಜುಗಳನ್ನು ತೆರೆದರು.

ಆ ಬಳಿಕ ಸಂಸ್ಥೆಗಳು ಒಂದರ ಹಿಂದೆ ಒಂದು ಬಂದುವು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ೧೯೮೪ರಲ್ಲಿ ಮಕ್ಕಳು ಕೈಯಿಂದ ಮುಟ್ಟಿ ನೋಡಿ ಕಲಿಯತಕ್ಕ ಜಿಲ್ಲಾ ವಿಜ್ಞಾನ ಕೇಂದ್ರ, ೨೦೦೯ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ೨೦೧೭ರಲ್ಲಿ ಶರಣಬಸವ ವಿಶ್ವವಿದ್ಯಾಲಯ. ಸಂವಿಧಾನದ ೩೭೧ (ಜೆ) ಅನುಚ್ಛೇದದ ಪ್ರಕಾರ ೨೦೧೩ರಿಂದ ಈ ಪ್ರದೇಶದ ಕಾಲೇಜುಗಳಲ್ಲಿ ಶೇಕಡಾ ೭೦ರಷ್ಟು ಸ್ಥಾನಗಳೂ, ರಾಜ್ಯದ ಇತರ ಭಾಗಗಳಲ್ಲಿ ಶೇಕಡಾ ೮ರಷ್ಟು ಸ್ಥಾನಗಳೂ ನಮ್ಮ ಮಕ್ಕಳಿಗೆ ಮೀಸಲಾದುವು. ಅಜ್ಜಂದಿರು ಹೈದರಾಬಾದಿಗೋ ಪುಣೆಗೋ ಹೋಗಿ ಹುಡುಕಬೇಕಾಗಿದ್ದ ಅವಕಾಶವು ಮೊಮ್ಮಕ್ಕಳಿಗೆ ಮನೆಯ ಹತ್ತಿರವೇ ಬಂದು ನಿಂತಿದೆ.

ಹಾಗಿದ್ದರೆ ಕೊರತೆಯು ಎಲ್ಲಿದೆ? ಮಹಡಿಯನ್ನು ಕಟ್ಟಿದ ನಾವು ತಳಪಾಯವನ್ನು ಗಟ್ಟಿಗೊಳಿಸಲಿಲ್ಲ; ಕೊರತೆಯು ಅಲ್ಲಿದೆ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ಶೇಕಡಾ ೭೫.೩೬ ಆಗಿದ್ದಾಗ ನಮ್ಮ ಜಿಲ್ಲೆಯದು ೬೪.೮೫, ಜಿಲ್ಲೆಯ ಹೆಂಗಸರಲ್ಲಿ ಅದು ೫೫.೦೯ ಮಾತ್ರ. ೨೦೨೫ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ನೂರು ಮಕ್ಕಳಲ್ಲಿ ತೊಂಬತ್ತೊಂದು ಮಂದಿ ಉತ್ತೀರ್ಣರಾದರೆ, ಕಲಬುರಗಿಯಲ್ಲಿ ಉತ್ತೀರ್ಣರಾದವರು ಶೇಕಡಾ ೪೨.೪೩, ಇಡೀ ರಾಜ್ಯದಲ್ಲಿ ಕೊನೆಯ ಸ್ಥಾನವು ನಮ್ಮದಾಯಿತು. ಮೀಸಲಾದ ಸ್ಥಾನವು ಹತ್ತನೆಯ ತರಗತಿಯನ್ನು ದಾಟದ ಮಗುವಿಗೆ ಏನು ಪ್ರಯೋಜನ? ಹಸಿದವನು ಮನೆಯೊಳಗೆ ಬರಲು ಮೆಟ್ಟಿಲೇ ಇಲ್ಲದಿದ್ದರೆ, ಒಳಗೆ ಬಡಿಸಿಟ್ಟ ಎಡೆಯಿಂದ ಅವನ ಹಸಿವು ಹಿಂಗದು.

ಕಮಲಾಪುರದ ಉದಾಹರಣೆಯನ್ನು ನೋಡೋಣ. ೨೦೧೮ರಲ್ಲಿ ಅದು ಪ್ರತ್ಯೇಕ ತಾಲ್ಲೂಕಾಯಿತು. ಕೆಂಪು ಬಾಳೆಯ ಹಣ್ಣಿನಿಂದ ಅದರ ಹೆಸರು ದೂರದವರೆಗೂ ಹೋಗಿದೆ. ಆ ಹಣ್ಣಿಗೆ ಸರಕಾರದ ಭೌಗೋಳಿಕ ಗುರುತೂ ದೊರೆತಿದೆ. ೨೦೧೭ರಲ್ಲಿ ಕಲಬುರಗಿ–ಬೀದರ ನಡುವಿನ ೧೧೦ ಕಿಲೋಮೀಟರ್ ರೈಲುಮಾರ್ಗವು ತೆರೆದು, ಕಮಲಾಪುರವೂ ಅದರ ಒಂದು ನಿಲ್ದಾಣವಾಯಿತು. ಮರಗುತ್ತಿಯ ಬಳಿ ಗುಡ್ಡವನ್ನು ಕೊರೆದು ಸುರಂಗವನ್ನು ಮಾಡಿದ್ದಾರೆ. ಇಂತಹ ಊರಿನಲ್ಲಿ ವಿಜ್ಞಾನದ ಪಾಠಕ್ಕೆ ಸಾಮಗ್ರಿಯ ಅಭಾವವಿಲ್ಲ. ಬಾಳೆಯ ತೋಟದ ಮಣ್ಣು ರಸಾಯನಶಾಸ್ತ್ರವನ್ನೂ, ಬಾವಿಯ ನೀರಿನ ಏರಿಳಿತವು ಭೂಗರ್ಭಶಾಸ್ತ್ರವನ್ನೂ, ಸುರಂಗವು ರೇಖಾಗಣಿತವನ್ನೂ ಕಲಿಸಬಲ್ಲುವು. ಕಾಣುವುದನ್ನು ಪಾಠವಾಗಿ ಮಾಡಿಕೊಡುವ ಗುರುವೂ, ಮುಟ್ಟಿ ನೋಡಲು ನಾಲ್ಕು ಉಪಕರಣಗಳೂ ಬೇಕು.

ಇನ್ನೊಂದು ತೊಡಕು ಭಾಷೆಯದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ‘ವೇಗೋತ್ಕರ್ಷ’, ‘ದ್ಯುತಿಸಂಶ್ಲೇಷಣೆ’ ಎಂದು ಓದಿದ ಬಾಲಕಿಯು ಪದವಿಪೂರ್ವ ತರಗತಿಗೆ ಕಾಲಿಟ್ಟೊಡನೆ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ವಿಷಯವು ತಿಳಿದಿದ್ದರೂ ಶಬ್ದವು ತಿಳಿಯದೆ ಆಕೆಯು ತನ್ನನ್ನು ತಾನೇ ದಡ್ಡಳೆಂದುಕೊಳ್ಳುವಳು. ನಿಜಾಮರ ಕಾಲದ ಬೀಗವು ಹೋಗಿ ಮತ್ತೊಂದು ಬೀಗವು ಬಂದಂತಾಯಿತು. ಇದಕ್ಕೆ ಕನ್ನಡದಲ್ಲಿಯೇ ಎಂಜಿನಿಯರಿಂಗ್ ಕಲಿಸುವುದು ಪರಿಹಾರವೆಂದು ೨೦೨೧ರಲ್ಲಿ ರಾಜ್ಯದ ಕೆಲವು ಕಾಲೇಜುಗಳಿಗೆ ಅನುಮತಿಯಾಯಿತು. ಅವುಗಳಲ್ಲಿ ನಮ್ಮ ನೆರೆಯ ಭಾಲ್ಕಿಯ ಕಾಲೇಜೂ ಒಂದು. ಆದರೆ ನಿರೀಕ್ಷಿಸಿದಷ್ಟು ವಿದ್ಯಾರ್ಥಿಗಳು ಮುಂದೆ ಬರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಉಸ್ಮಾನಿಯಾದಲ್ಲಿ ಗ್ರಂಥಗಳ ಭಾಷಾಂತರವೂ ಕಾಲೇಜೂ ಜೊತೆಜೊತೆಯಾಗಿ ನಡೆದುವು. ಉರ್ದುವಿನಲ್ಲಿ ಕಲಿತವನಿಗೆ ಆ ಸಂಸ್ಥಾನದಲ್ಲಿ ಉದ್ಯೋಗವೂ ಇದ್ದಿತು. ಗ್ರಂಥವೂ ಉದ್ಯೋಗವೂ ಹಿಂದೆ ಬರುವ ಭರವಸೆಯಿಲ್ಲದೆ ಕೇವಲ ಮಾಧ್ಯಮವನ್ನು ಬದಲಿಸಿದರೆ ತಂದೆತಾಯಿಗಳು ಮಕ್ಕಳನ್ನು ಕಳುಹುವುದಿಲ್ಲ. ಸದ್ಯಕ್ಕೆ ಬೇಕಾದುದು ಎರಡು ಭಾಷೆಗಳ ನಡುವೆ ಸೇತುವೆ.

ಆರಿಸಿಕೊಳ್ಳುವ ವಿಷಯದಲ್ಲಿಯೂ ವಿವೇಕವು ಬೇಕಾಗಿದೆ. ಈಗ ಎಲ್ಲರ ನೋಟವೂ ಕಂಪ್ಯೂಟರ್ ಶಾಖೆಯ ಕಡೆಗಿದೆ. ಆ ವಿದ್ಯೆಯು ತ್ಯಾಜ್ಯವೆಂದು ಯಾರೂ ಹೇಳರು. ಆದರೆ ಶಹಾಬಾದಿನ ಕಲ್ಲು, ವಾಡಿಯ ಸಿಮೆಂಟು, ಸೀಮೆಯ ತುಂಬ ಬೆಳೆಯುವ ತೊಗರಿ, ಇವು ನಮ್ಮ ನೆಲದ ಸಂಪತ್ತುಗಳು. ದೊಡ್ಡಪ್ಪ ಅಪ್ಪ ಮಹಾವಿದ್ಯಾಲಯದವರು ಸಿರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನಕ್ಕೆ ಪ್ರತ್ಯೇಕ ಶಾಖೆಯನ್ನು ನಡೆಸಿದುದು ಈ ದೃಷ್ಟಿಯಿಂದ ದೂರದರ್ಶಿತ್ವದ ಕಾರ್ಯ. ನೆಲದ ಪ್ರಶ್ನೆಗೆ ನೆಲದ ಮಕ್ಕಳೇ ಉತ್ತರವನ್ನು ಹುಡುಕುವಂತಾದರೆ ವಿದ್ಯೆಯೂ ಉದ್ಯೋಗವೂ ಊರಿನಲ್ಲಿಯೇ ನಿಲ್ಲುವುವು.

ಶಾಲೆಯನ್ನು ಸುಧಾರಿಸುವುದು ಸರಕಾರದ ಕೆಲಸ, ಮಠಕ್ಕೇಕೆ ಈ ಚಿಂತೆ ಎಂದು ಕೆಲವರು ಕೇಳಬಹುದು. ಸರಕಾರದ ಹೊಣೆಯು ಸರಕಾರದ್ದೇ. ಶಿಕ್ಷಕರನ್ನು ನೇಮಿಸುವ ಭಾರವನ್ನು ಮಠವು ಹೊರಲಾರದು, ಹೊರಬೇಕಾದುದೂ ಇಲ್ಲ. ಆದರೆ ಧಾರವಾಡದ ಮುರುಘಾಮಠದ ಪ್ರಸಾದನಿಲಯವು ಬಡ ವಿದ್ಯಾರ್ಥಿಗಳಿಗೆ ಅನ್ನವಿಕ್ಕಿದಾಗ ಅದು ಸರಕಾರದ ಕೆಲಸವೆಂದು ಯಾರೂ ಕೈಕಟ್ಟಿ ಕೂಡಲಿಲ್ಲ. ಬೇರೆಯವರ ಕೈ ಮುಟ್ಟದಲ್ಲಿ ತಾನು ಕೈ ನೀಡುವುದೇ ದಾಸೋಹದ ಲಕ್ಷಣ. ಕಮಲಾಪುರದಿಂದ ಕಲಬುರಗಿಗೆ ಸುಮಾರು ೩೫–೪೦ ಕಿಲೋಮೀಟರ್ ದಾರಿ. ವಿಜ್ಞಾನ ಓದಲು ನಗರಕ್ಕೆ ಬರುವ ಹೆಣ್ಣುಮಗುವಿಗೆ ಪ್ರಸಾದನಿಲಯದಲ್ಲಿ ಒಂದು ನೆಲೆ. ಹಳ್ಳಿಯ ಪ್ರೌಢಶಾಲೆಗಳಿಗೆ ತಿರುಗಿ ಬರುವ ಒಂದು ಚಿಕ್ಕ ಪ್ರಯೋಗಪೆಟ್ಟಿಗೆ. ರಜೆಯ ದಿನಗಳಲ್ಲಿ ಎಂಜಿನಿಯರಿಂಗ್ ಓದುವ ಭಕ್ತರ ಮಕ್ಕಳಿಂದ ಮಠದ ಜಗಲಿಯಲ್ಲಿ ಗಣಿತದ ಪಾಠ. ಕನ್ನಡ ಇಂಗ್ಲಿಷುಗಳ ಪಾರಿಭಾಷಿಕ ಶಬ್ದಗಳ ಒಂದು ಕಿರುಹೊತ್ತಿಗೆ. ವರುಷಕ್ಕೊಮ್ಮೆ ಮಕ್ಕಳನ್ನು ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ. ಜಾತ್ರೆಯ ವೆಚ್ಚದಲ್ಲಿ ಒಂದು ಪಾಲನ್ನು ಮುಡಿಪಾಗಿಟ್ಟರೆ ಆರಂಭಕ್ಕೆ ಸಾಕಾದೀತು.

೧೯೫೮ರಲ್ಲಿ ಹಿರಿಯರು ತಮ್ಮ ಕಾಲದ ಕೊರತೆಯನ್ನು ಗುರುತಿಸಿ ಕಾಲೇಜನ್ನು ಕಟ್ಟಿದರು. ನಮ್ಮ ಕಾಲದ ಕೊರತೆಯು ಹಳ್ಳಿಯ ಶಾಲೆಯ ಏಳನೆಯ, ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ಇದೆ. ಅವರ ಹೆಸರನ್ನು ಹೊತ್ತ ಕಾಲೇಜಿನ ಬಾಗಿಲಿಗೆ ಕಮಲಾಪುರದ ಮಗುವು ತನ್ನ ಕಾಲಿನ ಮೇಲೆ ತಾನೇ ನಡೆದು ಬರುವಂತೆ ಮಾಡುವುದೇ ಅವರಿಗೆ ನಾವು ಸಲ್ಲಿಸತಕ್ಕ ನಿಜವಾದ ಗೌರವ. ಈ ಕಾರ್ಯದಲ್ಲಿ ಸದ್ಭಕ್ತರೆಲ್ಲರೂ ತನು ಮನ ಧನಗಳಿಂದ ಭಾಗಿಗಳಾಗಲೆಂದೂ, ಶ್ರೀಗುರುಗಳ ಕೃಪೆಯು ಆ ಮಕ್ಕಳ ಮೇಲೆ ಸದಾ ಇರಲೆಂದೂ ಪ್ರಾರ್ಥಿಸುತ್ತೇವೆ.