ತುಕ್ಕಿನ ಚರಿತ್ರೆ ಮತ್ತು ನಮ್ಮ ಹಿತ್ತಲ ಬೆಳ್ಳುಳ್ಳಿ

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಾವು ಹಲವರು ಹಿತ್ತಲಿನಲ್ಲಿ ಮೆಂತ್ಯ, ಕೊತ್ತಂಬರಿಗಳ ಜೊತೆಗೆ ಒಂದೆರಡು ಪಾತಿ ಬೆಳ್ಳುಳ್ಳಿಯನ್ನೂ ಹಾಕಿಕೊಳ್ಳುತ್ತೇವೆ. ಅಕ್ಟೋಬರಿನಲ್ಲಿ ಎಸಳು ಊರಿದರೆ ಬೇಸಿಗೆಯ ಮೊದಲಿಗೆ ಗೆಡ್ಡೆ ಕೈಗೆ ಬರುತ್ತದೆ. ಈ ನಡುವೆ, ವಸಂತ ಕಾಲದಲ್ಲಿ, ಎಲೆಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುವುದುಂಟು. ಸವರಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಇದೇ ತುಕ್ಕು ರೋಗ. ಇದರ ಚರಿತ್ರೆ ದೊಡ್ಡದು. ಅದನ್ನು ಅರಿತರೆ ಪಾತಿಯಲ್ಲಿ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಪ್ರಾಚೀನ ರೋಮನರು ಪೈರಿಗೆ ಬರುವ ತುಕ್ಕನ್ನು ರೊಬಿಗಸ್ ಎಂಬ ದೇವತೆಯ ಮುನಿಸೆಂದು ನಂಬಿದ್ದರು. ಪ್ರತಿ ವರ್ಷ ಏಪ್ರಿಲ್ 25ರಂದು ಹಬ್ಬ ಮಾಡಿ ನಾಯಿಯನ್ನು ಬಲಿ ಕೊಡುತ್ತಿದ್ದರು. ನಮ್ಮ ಹಳ್ಳಿಗಳ ಮಾರಿಹಬ್ಬ ಕಂಡವರಿಗೆ ಇದು ವಿಚಿತ್ರವೆನಿಸದು. ಮುಂದೆ ರೈತರು ತಮ್ಮ ಕಣ್ಣಿನಿಂದಲೇ ಒಂದು ವಿಷಯ ಕಂಡುಕೊಂಡರು. ಬಾರ್ಬೆರಿ ಎಂಬ ಮುಳ್ಳುಗಿಡ ಹತ್ತಿರವಿದ್ದರೆ ಗೋಧಿಗೆ ತುಕ್ಕು ಹೆಚ್ಚು! ಅಮೆರಿಕದ ಕನೆಕ್ಟಿಕಟ್ ವಸಾಹತಿನಲ್ಲಿ 1726ರಲ್ಲೇ ಆ ಗಿಡವನ್ನು ನಾಶಮಾಡಲು ಕಾನೂನು ಬಂದಿತು. ಇದರ ಗುಟ್ಟು ಬಯಲಾದದ್ದು 1865ರಲ್ಲಿ. ಗೋಧಿಯ ತುಕ್ಕಿನ ಶಿಲೀಂಧ್ರದ ಜೀವನದ ಒಂದು ಭಾಗ ಬಾರ್ಬೆರಿಯ ಮೇಲೆ ಕಳೆಯುತ್ತದೆಂದು ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ತೋರಿಸಿಕೊಟ್ಟರು.

ಕನ್ನಡಿಗರಾದ ನಮಗೆ ಹತ್ತಿರದ ಕಥೆಯೆಂದರೆ ಕಾಫಿಯದು. 1869ರಲ್ಲಿ ಸಿಲೋನಿನ ಕಾಫಿ ಗಿಡಗಳಲ್ಲಿ ಎಲೆ ತುಕ್ಕು ಕಾಣಿಸಿಕೊಂಡು, ಕ್ರಮೇಣ ಅಲ್ಲಿನ ತೋಟಗಳು ಹಾಳಾದವು. ಬೆಳೆಗಾರರು ಚಹಾದತ್ತ ತಿರುಗಿದರು. 1880ರಲ್ಲಿ ಅಲ್ಲಿಗೆ ಹೋದ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿ ಎರಡು ವರ್ಷ ದುಡಿದು ಒಂದು ಕಹಿಸತ್ಯ ಹೇಳಿದರು. ತುಕ್ಕಿನ ಕಣ ಎಲೆಯೊಳಗೆ ಬೇರುಬಿಟ್ಟ ಮೇಲೆ ಔಷಧಿಯಿಂದ ಪ್ರಯೋಜನವಿಲ್ಲ. ಅದು ಮೊಳೆಯುವ ಮೊದಲೇ ಎಲೆಯ ಮೇಲೆ ಔಷಧಿ ಇರಬೇಕು. ಕೊಡಗು, ಚಿಕ್ಕಮಗಳೂರುಗಳಿಗೂ ಈ ರೋಗ ಬಂದಿತು. ಆದರೆ ಅಲ್ಲಿ ಕಾಫಿ ಉಳಿಯಿತು. 1911ರಲ್ಲಿ ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರು ತುಕ್ಕನ್ನು ತಾಳಿಕೊಂಡ ಗಿಡವೊಂದನ್ನು ಆರಿಸಿ ಬೀಜ ಹಂಚಿದರು. 1925ರಲ್ಲಿ ಸ್ಥಾಪಿತವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕೆಂಟ್ ತಳಿಯನ್ನು ಇನ್ನೊಂದರೊಡನೆ ಕೂಡಿಸಿ ಎಸ್. 795 ಎಂಬ ತಳಿ ಹುಟ್ಟಿತು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವೂ ನೆರವಿಗೆ ಬಂದಿತು.

ಬೆಳ್ಳುಳ್ಳಿಗೆ ಈ ಭಾಗ್ಯವಿಲ್ಲ. ನಾವು ಬೆಳೆಯುವ ಬೆಳ್ಳುಳ್ಳಿ ಬೀಜ ಕಟ್ಟುವುದಿಲ್ಲ. ಎಸಳಿನಿಂದ ಎಸಳಿಗೆ ಅದೇ ಗಿಡ ಮುಂದುವರಿಯುತ್ತದೆ. ಆದ್ದರಿಂದ ಕಾಫಿಯಂತೆ ಎರಡು ತಳಿ ಕೂಡಿಸಿ ತುಕ್ಕು ತಡೆಯುವ ಮೂರನೆಯದನ್ನು ಪಡೆಯುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಇದರ ಬೆಲೆ ತಿಳಿದದ್ದು 1998ರಲ್ಲಿ. ಎಲ್ ನಿನ್ಯೊದಿಂದಾಗಿ ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲ, ವಸಂತಗಳೆರಡೂ ಮಳೆಯಲ್ಲಿ ತೊಯ್ದವು. 1979ರಿಂದ ಬೆಳ್ಳುಳ್ಳಿ ಹಬ್ಬಕ್ಕೆ ಹೆಸರಾದ ಗಿಲ್‌ರಾಯ್ ಇರುವ ಈ ರಾಜ್ಯದಲ್ಲಿ ತುಕ್ಕು ಹಬ್ಬಿ, ಕೆಲವೆಡೆ ಫಸಲಿನ ಶೇಕಡಾ 75ರಷ್ಟು ನಷ್ಟವಾಯಿತು. ಆಮೇಲೆ ನಡೆದ ಸಂಶೋಧನೆಯಲ್ಲಿ ಕಂಡದ್ದು ಇಷ್ಟು: 10ರಿಂದ 15 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಾಲ್ಕು ಗಂಟೆಯ ತೇವ ಸಿಕ್ಕರೆ ಸಾಕು, ರೋಗ ಹತ್ತುತ್ತದೆ. ಈರುಳ್ಳಿಗೂ ಅದು ಹತ್ತಿತು. ಲೀಕ್ ಗಿಡಕ್ಕೆ ಹತ್ತಲಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಲೀಕನ್ನೇ ಕಾಡುವ ತುಕ್ಕು ಇದೆ. ಹೆಸರು ಒಂದೇ ಆದರೂ ತುಕ್ಕಿನಲ್ಲಿ ಒಳಪಂಗಡಗಳಿವೆ.

ಈ ತುಕ್ಕಿಗೆ ಬಾರ್ಬೆರಿಯಂಥ ಬೇರೆ ಕುಲದ ಗಿಡ ಬೇಕಿಲ್ಲ; ಉಳ್ಳಿಯ ಬಳಗವೇ ಸಾಕು. ಜೀವಂತ ಎಲೆಯಿಲ್ಲದೆ ಅದು ಬೆಳೆಯದು. ಆದ್ದರಿಂದ ಗೆಡ್ಡೆ ಕಿತ್ತ ಮೇಲೆ ತಾನಾಗಿ ಮೊಳೆತ ಬೆಳ್ಳುಳ್ಳಿಯನ್ನು ಉಳಿಸಬಾರದು. ರೋಗ ಹತ್ತಿದ ಎಲೆಗಳನ್ನು ಅಲ್ಲಿಯೇ ಬಿಡಬಾರದು. ಎರಡು ಮೂರು ವರ್ಷ ಅದೇ ಪಾತಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಲೀಕ್ ಹಾಕಬಾರದು. ಗಿಡಗಳ ನಡುವೆ ಗಾಳಿಯಾಡಲಿ, ನೀರು ಬುಡಕ್ಕೆ ಬೀಳಲಿ, ಸಾರಜನಕ ಗೊಬ್ಬರ ಮಿತವಾಗಿರಲಿ. ಗಂಧಕದ ಪುಡಿ ಹಾಕುವುದಾದರೆ ರೋಗ ಹಬ್ಬುವ ಮುನ್ನವೇ ಹಾಕಬೇಕು. ದೊಡ್ಡ ಹೊಲಗಳಲ್ಲಿ ಟೆಬುಕೊನಜೋಲ್, ಅಜಾಕ್ಸಿಸ್ಟ್ರೋಬಿನ್ ಫಲ ಕೊಟ್ಟಿವೆ. ಯಾವುದೇ ಔಷಧಿಯಾಗಲಿ, ಡಬ್ಬಿಯ ಮೇಲೆ ಬೆಳ್ಳುಳ್ಳಿಯ ಹೆಸರಿದ್ದರೆ ಮಾತ್ರ ಬಳಸತಕ್ಕದ್ದು. ತುಕ್ಕು ಬಂದ ಗಿಡದ ಗೆಡ್ಡೆ ಸಣ್ಣದಾದೀತು, ಆದರೆ ಒಗ್ಗರಣೆಗೆ ಅಡ್ಡಿಯಿಲ್ಲ.

ರೋಮನರ ಬಲಿಯಿಂದ ವಾರ್ಡರ ಸೂಕ್ಷ್ಮದರ್ಶಕದವರೆಗೆ ಬಂದ ಪಾಠ ಒಂದೇ: ತುಕ್ಕನ್ನು ಗುಣಪಡಿಸುವುದಕ್ಕಿಂತ ಅದರ ದಾರಿ ಕಟ್ಟುವುದು ಮೇಲು. ಕಾಫಿಗೆ ಹೊಸ ತಳಿಯ ಆಸರೆ ಸಿಕ್ಕಿತು. ಬೆಳ್ಳುಳ್ಳಿಗೆ ಬೆಳೆಯುವವರ ಎಚ್ಚರವೇ ಆಸರೆ. ಬರುವ ಅಕ್ಟೋಬರಿನಲ್ಲಿ ಎಸಳು ಊರುವ ಮುನ್ನ ಪಾತಿಯ ಜಾಗ ಬದಲಿಸಲು ನಾವೆಲ್ಲ ಮರೆಯದಿರೋಣ.